ಮನೆ ಕಾದ ಕೈಗಳು

ನಮ್ಮ ಊರಿನಲ್ಲಿ ದಿವಂಗತ ಸಾಹಿತಿಗಳೊಬ್ಬರು ಬಾಳಿದ ಮನೆಯೊಂದಿದೆ. ಹೆಸರು ಹೇಳುವುದು ಬೇಡ. ಮುಂದೆ ಹೇಳಲಿರುವ ಅಪರಾಧ ನನ್ನದು, ಅದರ ಕಳಂಕ ಆ ಮನೆಗೆ ತಗಲಬಾರದು. ಹೆಂಚಿನ ಮನೆ, ನಡುವೆ ತೊಟ್ಟಿ, ಪಡಸಾಲೆಯಲ್ಲಿ ಅವರು ಕುಳಿತು ಬರೆಯುತ್ತಿದ್ದ ಆರಾಮಕುರ್ಚಿ, ಮಹಡಿಯ ಕೋಣೆಯಲ್ಲಿ ನಾಲ್ಕು ಬೀರು ತುಂಬ ಪುಸ್ತಕ. ಮನೆಯವರು ಎಲ್ಲವನ್ನೂ ಇದ್ದ ಹಾಗೆಯೇ ಜನ ನೋಡಲೆಂದು ಬಿಟ್ಟುಕೊಟ್ಟಿದ್ದಾರೆ. ನೋಡಲು ಜನ ಬರುತ್ತಾರೆ. ನೋಡಿಕೊಳ್ಳಲು ಬರುವವರು ಕಡಮೆ. ಕನ್ನಡ ಪಾಠ ಹೇಳಿ ಅನ್ನ ತಿನ್ನುವ ನನಗೆ ಇದೊಂದು ಋಣವೆಂದು ತೋರಿತು. ಮೂರು ವರ್ಷದ ಹಿಂದೆ, ಭಾನುವಾರ ಬೆಳಗಿನ ಹೊತ್ತು ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಪುಸ್ತಕಗಳ ಧೂಳು ತೆಗೆದುಕೊಡುವುದಾಗಿ ಒಪ್ಪಿಕೊಂಡೆ. ಸಂಬಳವಿಲ್ಲದ ಕೆಲಸಕ್ಕೆ ಕಲಿಯಬೇಕಾದುದೇನೂ ಇರುವುದಿಲ್ಲವೆಂಬುದು ಆಗಿನ ನನ್ನ ತಿಳಿವಳಿಕೆ.

ಮಳೆಗಾಲ ಕಳೆದ ಹೊಸತು. ಎರಡನೆಯ ಬೀರುವಿನ ಕೆಳಗಣ ಅರೆಯಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಹಳೆಯ ಪಂಚೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ರಟ್ಟುಗಳನ್ನು ಒರೆಸತೊಡಗಿದೆ. ಆ ಮನೆಯನ್ನು ಗುಡಿಸಿ ಸಾರಿಸುವ ಮುದುಕಿಯೊಬ್ಬರಿದ್ದಾರೆ; ಸಾಹಿತಿಗಳ ಕಾಲದಿಂದಲೂ ಅಲ್ಲಿ ಇದ್ದವರು. ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಪುಸ್ತಕಕ್ಕೆ ಒದ್ದೆ ಬಟ್ಟೆ ಮುಟ್ಟಿಸಬಾರ್ದು ಅಂತಿದ್ರು ಅಮ್ಮಾವ್ರು. ನೆರಳಲ್ಲಿ ಗಾಳಿಗೆ ಇಡಿ, ಸಾಕು” ಎಂದರು. “ಆಗಲಿ ಅಮ್ಮ, ನಿಮ್ಮ ಕೆಲಸ ನೀವು ನೋಡಿ” ಎಂದೆ. ಎಂ.ಎ. ಓದಿದವನು ಪುಸ್ತಕದ ವಿಷಯದಲ್ಲಿ ಕಸ ಗುಡಿಸುವವರಿಂದ ಹೇಳಿಸಿಕೊಳ್ಳುವುದೇ? ಐದನೆಯದೋ ಆರನೆಯದೋ ಪುಸ್ತಕದ ರಟ್ಟು ತೆರೆದರೆ ಒಳಪುಟಕ್ಕೂ ಬೂಷ್ಟು. ಅದನ್ನೂ ಒರೆಸಿದೆ. ಅಲ್ಲಿ ಶಾಯಿಯಲ್ಲಿ ಬರೆದ ಎರಡು ಸಾಲು, ಕೆಳಗೊಂದು ರುಜು ಇದ್ದುವು. ಇದ್ದುವೆಂದು ನನಗೆ ತಿಳಿದದ್ದು ಅವು ನೀಲಿಯ ಕಲೆಯಾಗಿ ಹರಡಿದ ಮೇಲೆ. ಯಾರು ಕೊಟ್ಟ ಪುಸ್ತಕ, ಏನು ಬರೆದು ಕೊಟ್ಟಿದ್ದರು? ಯಾರೂ ನಕಲು ಮಾಡಿಟ್ಟಿರಲಿಲ್ಲ. ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಇಬ್ಬರ ನಡುವೆ ಉಳಿದಿದ್ದ ಎರಡು ಸಾಲನ್ನು ಸೇವೆಯ ಹೆಸರಿನಲ್ಲಿ ನಾನು ಅಳಿಸಿದೆ.

ಆಮೇಲೆ, ಪುಸ್ತಕದ ಧೂಳು ತೆಗೆಯುವುದು ಹೇಗೆಂದು ಪುಸ್ತಕಗಳಲ್ಲಿಯೇ ಹುಡುಕಿದೆ. ಮೇಷ್ಟರ ಹಣೆಬರಹ ಅಷ್ಟೆ. ಹುಡುಕಾಟ ನನ್ನನ್ನು ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿನವರ ಕಡೆಗೆ ಒಯ್ದಿತು. 1895ರಲ್ಲಿ ಹುಟ್ಟಿದ ಈ ಸಂಸ್ಥೆ ಆ ದೇಶದ ನೂರಾರು ಹಳೆಯ ಮನೆಗಳನ್ನು ಅವುಗಳೊಳಗಿನ ವಸ್ತುಗಳ ಸಮೇತ ಕಾಪಾಡಿಕೊಂಡು ಬಂದಿದೆ. ಆ ಕೆಲಸದ ದೊಡ್ಡ ಪಾಲನ್ನು ಇಂದು ಹೊತ್ತಿರುವವರು ಸಂಬಳವಿಲ್ಲದೆ ಬರುವ ಹತ್ತಾರು ಸಾವಿರ ಸ್ವಯಂಸೇವಕರು. ಅವರ ಮನೆಗಳಲ್ಲಿ ಒಂದರ ಚರಿತ್ರೆಯನ್ನು ಓದುತ್ತ ಹೋದಂತೆ, ಬಾಗಿಲಲ್ಲಿ ನಿಂತ ನಮ್ಮ ಮುದುಕಿಯ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದಂತಾಯಿತು. ಆ ಮನೆಯ ಹೆಸರು ಅಪ್‌ಪಾರ್ಕ್. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಓದಿ ಬಲ್ಲೆ, ಅಷ್ಟೆ.

ಅಪ್‌ಪಾರ್ಕ್ ಇರುವುದು ಇಂಗ್ಲೆಂಡಿನ ತೆಂಕಣ ಭಾಗದ ಸಸೆಕ್ಸ್ ಸೀಮೆಯಲ್ಲಿ, ಸೌತ್ ಹಾರ್ಟಿಂಗ್ ಎಂಬ ಹಳ್ಳಿಯ ಮೇಲಿನ ಗುಡ್ಡದ ನೆತ್ತಿಯಲ್ಲಿ. 1690ರ ಸುಮಾರಿನಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಚೌಕನೆಯ ಮನೆ. 1747ರಲ್ಲಿ ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ ಎಂಬ ಶ್ರೀಮಂತ ಅದನ್ನು ಕೊಂಡ. ಹೆಂಡತಿ ಸಾರಾಳೊಡನೆ 1749ರಿಂದ 1751ರವರೆಗೆ ಯೂರೋಪು ಸುತ್ತಿ, ಇಟಲಿಯ ಚಿತ್ರಗಳನ್ನೂ ಬೆಲೆಬಾಳುವ ಸಾಮಾನುಗಳನ್ನೂ ತಂದು ಮನೆ ತುಂಬಿಸಿದ. ಸಾರಾ ತನ್ನ ತವರಿನಿಂದ ಗೊಂಬೆಮನೆಯೊಂದನ್ನು ತಂದಿದ್ದಳು. ಒಳಗೆ ಕೋಣೆಕೋಣೆಗೂ ಪುಟ್ಟ ಪೀಠೋಪಕರಣ, ಪುಟ್ಟ ಬೆಳ್ಳಿಯ ಪಾತ್ರೆ, ಹೆಬ್ಬೆರಳುದ್ದದ ಸೇವಕರು. ಇವರ ಮಗ ಸರ್ ಹ್ಯಾರಿ ದುಂದುಗಾರ, ವಿಲಾಸಿ, ರಾಜಕುಮಾರರ ಗೆಳೆಯ. ಶ್ರೀಮಂತರ ಮನೆಯ ಚರಿತ್ರೆ ಇಲ್ಲಿಯವರೆಗೆ ಎಲ್ಲ ಕಡೆಯೂ ಒಂದೇ. ಇದರಲ್ಲಿ ನಾವು ತಡೆದು ನಿಲ್ಲಬೇಕಾದುದೇನೂ ಇಲ್ಲ.

ತಡೆದು ನಿಲ್ಲಬೇಕಾದುದು 1825ರಲ್ಲಿ. ಎಪ್ಪತ್ತು ವರ್ಷದವನಾಗಿದ್ದ ಸರ್ ಹ್ಯಾರಿ ಹಾಲುಮನೆಯ ಕಡೆ ಹೋಗುವಾಗ ಒಳಗಿನಿಂದ ಹೆಣ್ಣುದನಿಯ ಹಾಡು ಕೇಳಿಸಿತಂತೆ. ಹಾಡಿದವಳು ಮೇರಿ ಆನ್ ಬುಲಕ್, ಬೆಣ್ಣೆ ಕಡೆಯುವ ಹುಡುಗಿ, ವಯಸ್ಸು ಇಪ್ಪತ್ತರ ಆಸುಪಾಸು. ಮುದುಕ ನೇರವಾಗಿ ಹೋಗಿ ಮದುವೆಯಾಗುತ್ತೀಯಾ ಎಂದು ಕೇಳಿಬಿಟ್ಟ. ಅವಳಿಗೆ ಬಾಯಿ ಕಟ್ಟಿತು. ಈಗಲೇ ಹೇಳಬೇಕಾಗಿಲ್ಲ, ಒಪ್ಪಿಗೆಯಿದ್ದರೆ ಇವತ್ತು ರಾತ್ರಿ ನನ್ನ ಊಟಕ್ಕೆ ಬರುವ ಕುರಿಯ ತೊಡೆಯಿಂದ ಒಂದು ತುಂಡು ಕೊಯ್ದು ಕಳಿಸು ಎಂದನಂತೆ. ರಾತ್ರಿ ಬಂದ ತೊಡೆಯಲ್ಲಿ ಒಂದು ತುಂಡು ಇರಲಿಲ್ಲ. ಕಥೆ ಎಷ್ಟು ನಿಜವೋ, ಮದುವೆಯಂತೂ ನಿಜ. ಅವಳಿಗೆ ಓದು ಬರಹ, ನಡೆ ನುಡಿ ಕಲಿಸಲು ಪ್ಯಾರಿಸ್ಸಿಗೆ ಕಳಿಸಿದ. ನೆರೆಹೊರೆಯ ಶ್ರೀಮಂತರು ನಕ್ಕರು. ಹಾಲುಮನೆಯವಳ ಕೈಗೆ ಸಿಕ್ಕಿದ ಮನೆ ಏನಾದೀತೆಂದು ತಲೆಯಾಡಿಸಿದವರೂ ಇದ್ದಿರಬೇಕು.

ಆದದ್ದೇ ಬೇರೆ. 1846ರಲ್ಲಿ ತೊಂಬತ್ತು ದಾಟಿದ ಸರ್ ಹ್ಯಾರಿ ತೀರಿಕೊಂಡಾಗ ಮನೆ, ಜಮೀನು ಎಲ್ಲವೂ ಅವಳ ಪಾಲಿಗೆ ಬಂತು. ಅವಳು 1874ರವರೆಗೆ, ಅವಳ ಬಳಿಕ ತಂಗಿ ಫ್ರಾನ್ಸಿಸ್ 1895ರವರೆಗೆ, ಹೀಗೆ ಅರ್ಧ ಶತಮಾನ ಆ ಅಕ್ಕತಂಗಿಯರು ಮನೆಯನ್ನು ಆಳಿದರು. ಅವರು ಮಾಡಿದ ದೊಡ್ಡ ಕೆಲಸವೆಂದರೆ ಏನನ್ನೂ ಮಾಡದೆ ಇದ್ದದ್ದು. ಎಲ್ಲವೂ ಸರ್ ಹ್ಯಾರಿ ಇಟ್ಟಂತೆಯೇ ಇರಬೇಕು ಎಂಬುದೊಂದೇ ಅವರ ಕಟ್ಟಳೆ. ಆ ಅರ್ಧ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಅಜ್ಜಂದಿರ ಸಾಮಾನನ್ನು ಅಟ್ಟಕ್ಕೆ ಎಸೆದು, ಹೊಸ ಬಗೆಯ ಕುರ್ಚಿ, ಹೊಸ ಪರದೆ, ಹೊಸ ಗೋಡೆಕಾಗದ ತಂದು ಮನೆಗಳನ್ನು ಕಿಕ್ಕಿರಿಸಿದರು. ಅಪ್‌ಪಾರ್ಕಿನಲ್ಲಿ ಹದಿನೆಂಟನೆಯ ಶತಮಾನದ ಪರದೆಗಳು ಅದೇ ಕೊಂಡಿಯಲ್ಲಿ ತೂಗುತ್ತ, ಅದೇ ಕಿಟಕಿಯ ಬಿಸಿಲಿಗೆ ನಿಧಾನವಾಗಿ ಮಾಸುತ್ತ ಉಳಿದುವು. ಹುಟ್ಟು ಶ್ರೀಮಂತರಾಗಿದ್ದರೆ ಇವರಿಗೂ ಬದಲಾಯಿಸುವ ಧೈರ್ಯ ಇರುತ್ತಿತ್ತೇನೋ. ಈ ಮನೆ ತಮ್ಮ ಕೈಗೆ ಬಂದ ಇನ್ನೊಬ್ಬರ ಒಡವೆ ಎಂಬ ಅಂಜಿಕೆ ಅವರಲ್ಲಿ ಕೊನೆಯವರೆಗೂ ಇದ್ದಿರಬೇಕೆಂದು ನನ್ನ ಊಹೆ. ಆ ಅಂಜಿಕೆಯೇ ಮನೆಯನ್ನು ಉಳಿಸಿತು.

ಫ್ರಾನ್ಸಿಸ್ ತನ್ನ ಕಾಲದಲ್ಲಿ, 1880ರಲ್ಲಿ, ಹಿಂದೆ ತನಗೆ ಸಖಿಯಾಗಿ ಊಳಿಗ ಮಾಡಿದ್ದ ಹೆಂಗಸೊಬ್ಬಳನ್ನು ಮನೆವಾರ್ತೆಯ ಮೇಲ್ವಿಚಾರಣೆಗೆ ಕರೆಸಿಕೊಂಡಳು. ಈಕೆ ಸಾರಾ ವೆಲ್ಸ್. ಗಂಡನ ಅಂಗಡಿ ನಡೆಯದೆ, ಹೊಟ್ಟೆಪಾಡಿಗಾಗಿ ಗಂಡನನ್ನು ಬಿಟ್ಟು ಬಂದು, ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಅವಳ ಕಿರಿಯ ಮಗ ಆಗ ಹದಿನಾಲ್ಕು ವರ್ಷದ ಹುಡುಗ. ಕಾಲಯಂತ್ರದ ಕಥೆ ಬರೆದು ಲೋಕಪ್ರಸಿದ್ಧನಾದ ಎಚ್. ಜಿ. ವೆಲ್ಸ್ ಅವನೇ. ರಜೆಯಲ್ಲೂ ಕೆಲಸ ಕಳೆದುಕೊಂಡಾಗಲೂ ಅವನಿಗೆ ಅಪ್‌ಪಾರ್ಕಿನ ನೆಲಮಾಳಿಗೆಯೇ ಆಸರೆ. ಹಿಮ ಬಿದ್ದು ಹೊರಗೆ ಹೋಗಲಾಗದ ಒಂದು ಚಳಿಗಾಲದಲ್ಲಿ ಅಲ್ಲಿನ ಊಳಿಗದವರ ನಗೆಗಾಗಿ ಕೈಬರಹದ ದಿನಪತ್ರಿಕೆ ಹೊರಡಿಸಿದ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ದೂರದರ್ಶಕದ ಬಿಡಿಭಾಗಗಳನ್ನು ಕೂಡಿಸಿ, ರಾತ್ರಿಯಲ್ಲಿ ಕಿಟಕಿ ತೆರೆದು ಚಂದ್ರನ ಮೇಲಿನ ಗುಳಿಗಳನ್ನು ನೋಡಿದ. ಶ್ರೀಮಂತರು ಕೊಂಡು ತಂದು ಮರೆತಿದ್ದ ಪುಸ್ತಕಗಳ ನಡುವೆ ವಾಲ್ಟೇರ್, ಪ್ಲೇಟೋ, ಗಲಿವರನ ಪ್ರವಾಸ ಇವೆಲ್ಲ ಅವನಿಗೆ ಸಿಕ್ಕಿದ್ದು ಅಲ್ಲಿಯೇ. ಜವಳಿ ಅಂಗಡಿಯ ಉಮೇದುವಾರಿಕೆ ಸಾಕಾಗಿ, ಒಂದು ಭಾನುವಾರ ಹದಿನೇಳು ಮೈಲಿ ನಡೆದು ತಾಯಿಯ ಬಳಿ ಗೋಳು ತೋಡಿಕೊಳ್ಳಲು ಬಂದದ್ದೂ ಈ ಗುಡ್ಡದ ಮೇಲಕ್ಕೇ. 1909ರಲ್ಲಿ ಬಂದ ‘ಟೋನೋ ಬಂಗೇ’ ಕಾದಂಬರಿಯ ದೊಡ್ಡ ಮನೆ ಅಪ್‌ಪಾರ್ಕಿನ ಅಚ್ಚು. ಮನೆಯಿಂದ ಅಡಿಗೆಯ ಕಟ್ಟಡಕ್ಕೂ ಲಾಯಕ್ಕೂ ಊಳಿಗದವರು ಕಣ್ಣಿಗೆ ಬೀಳದೆ ಓಡಾಡಲು ನೆಲದಡಿ ಸುರಂಗಗಳಿವೆ. ಕಾಲಯಂತ್ರದ ಕಥೆಯ ಪಾತಾಳವಾಸಿಗಳು ಹುಟ್ಟಿದ್ದು ಆ ಸುರಂಗಗಳಲ್ಲಿ ಎನ್ನುವವರುಂಟು.

ತಾಯಿಯ ವಿಷಯದಲ್ಲಿ ಮಗ ಕಠಿಣ. ಅವಳಂಥ ಅಸಮರ್ಥ ಮನೆವಾರ್ತೆಯವಳು ಇನ್ನೊಬ್ಬಳು ಇರಲಾರಳು ಎಂಬ ಅರ್ಥದ ಮಾತನ್ನು ಆತ್ಮಕಥೆಯಲ್ಲಿ ಬರೆದುಬಿಟ್ಟಿದ್ದಾನೆ. ಲೆಕ್ಕ ಇಡಲಾರಳು, ಆಳುಗಳನ್ನು ಅಂಕೆಯಲ್ಲಿಡಲಾರಳು. ವಯಸ್ಸಾದಂತೆ ಕಿವಿಯೂ ಮಂದವಾಯಿತು. 1893ರಲ್ಲಿ ಅವಳನ್ನು ಕೆಲಸದಿಂದ ಬಿಡಿಸಿದರು. ಇರಬಹುದು. ಮಗನ ತೂಕ ಆಡಳಿತದ ತೂಕ. ಆದರೆ ಹದಿಮೂರು ವರ್ಷ ಆ ಮನೆಯ ಬೀಗದ ಕೈಗಳು ಅವಳ ಸೊಂಟದಲ್ಲಿದ್ದುವು. ಅವಳಿಗೆ ಮೊದಲು ಅಲ್ಲಿದ್ದ ಚೀನೀ ಪಿಂಗಾಣಿ, ಗೊಂಬೆಮನೆ, ರೇಷ್ಮೆಯ ಪರದೆ ಅವಳು ಹೋದ ಮೇಲೂ ಅಲ್ಲೇ ಇದ್ದುವು. ಬರೆಯುವ ಮಕ್ಕಳು ತಾಯಂದಿರ ವಿಷಯದಲ್ಲಿ ಕೊಡುವ ತೀರ್ಪನ್ನು ನಾವು ಪೂರ್ತಿಯಾಗಿ ನಂಬಬೇಕಾಗಿಲ್ಲ.

1930ರ ದಶಕದ ಆರಂಭದಲ್ಲಿ ಮನೆ ಅಡ್ಮಿರಲ್ ಹರ್ಬರ್ಟ್ ಮೀಡ್ ಫೆದರ್‌ಸ್ಟನ್‌ಹಾ ಎಂಬ ನೌಕಾಧಿಕಾರಿಯ ಕೈಗೆ ಬಂತು. ಅವರ ಮಡದಿ ಮಾರ್ಗರೆಟ್ ಒಳಗೆ ಕಾಲಿಟ್ಟಾಗ ಪರದೆಗಳು ಜೂಲುಜೂಲಾಗಿದ್ದುವು. ಇನ್ನೂರು ವರ್ಷದ ರೇಷ್ಮೆ. ಬೆರಳು ತಾಕಿದರೆ ಪುಡಿ. ಹೊಸದನ್ನು ನೇಯಿಸಿ ತೂಗುಹಾಕಿ, ಹಳೆಯದನ್ನು ಬಿಸಾಡುವುದು ಸುಲಭದ ದಾರಿಯಾಗಿತ್ತು. ಆಕೆ ಹಿಡಿದದ್ದು ಬೇರೆ ದಾರಿ. ಸಪೊನೇರಿಯಾ ಎಂಬ ಗಿಡವೊಂದುಂಟು. ಅದರ ಕಷಾಯ ನೀರಿನಲ್ಲಿ ಸಾಬೂನಿನ ಹಾಗೆ ನೊರೆ ಕೊಡುತ್ತದೆ, ಆದರೆ ಸಾಬೂನಿನಷ್ಟು ಉಗ್ರವಲ್ಲ. ಇದನ್ನು ಓದಿದ ಕೂಡಲೆ ನನಗೆ ನೆನಪಾದದ್ದು ನಮ್ಮ ಅಂಟುವಾಳದ ಕಾಯಿ. ನನ್ನ ತಾಯಿ ತಮ್ಮ ಧಾರೆಸೀರೆಯನ್ನು ಅದರ ನೊರೆಯಲ್ಲದೆ ಇನ್ನಾವುದರಲ್ಲಿಯೂ ಅದ್ದಿದವರಲ್ಲ. ಗಿಡ ಬೇರೆ, ನೊರೆ ಬರಿಸುವ ದ್ರವ್ಯದ ಜಾತಿ ಒಂದೇ. ಮಾರ್ಗರೆಟ್ ಆ ಗಿಡವನ್ನು ಅಪ್‌ಪಾರ್ಕಿನಲ್ಲಿಯೇ ಬೆಳೆಸಿ, ಅದರ ನೀರಿನಲ್ಲಿ ಪರದೆಗಳ ಕೊಳೆ ಬಿಡಿಸಿ, ಬಿಟ್ಟುಹೋದ ಎಳೆಗಳನ್ನು ಒಂದೊಂದಾಗಿ ಸೂಜಿಯಲ್ಲಿ ಹಿಡಿದು ಕೂರಿಸಿದರು. ವರ್ಷಗಟ್ಟಲೆ ಮಾಡಿದ ಕೆಲಸ. ಗಂಡನ ಮನೆಯೇ ಆದರೂ, ಯಾರೂ ಹೇಳದೆ, ಯಾರೂ ಕೂಲಿ ಕೊಡದೆ ಮಾಡಿದ ಈ ದುಡಿಮೆಯನ್ನು ಸ್ವಯಂಸೇವೆ ಎನ್ನದೆ ಇನ್ನೇನೆನ್ನಬೇಕು? 1954ರಲ್ಲಿ ಆ ಮನೆತನದವರು ಅಪ್‌ಪಾರ್ಕನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಮೇಲಿನ ಅಂತಸ್ತುಗಳಲ್ಲಿ ತಾವಿದ್ದು, ಕೆಳಗಿನ ಕೋಣೆಗಳನ್ನು ಜನರಿಗೆ ತೆರೆದರು. 1964ರಲ್ಲಿ ಮಾರ್ಗರೆಟ್ ಆ ಮನೆಯ ಮತ್ತು ಅಲ್ಲಿ ಬಾಳಿದವರ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು.

ಜನರಿಗೆ ತೆರೆದ ಮೇಲೆ ಮನೆಗೆ ಹೊಸ ಕಷ್ಟ ಶುರುವಾಗುತ್ತದೆ. ಇದು ನನಗೆ ತಿಳಿದಿರಲಿಲ್ಲ. ಇಂಥ ಮನೆಗಳ ಧೂಳಿನ ಬಹು ಭಾಗ ಬೀದಿಯಿಂದ ಬಂದದ್ದಲ್ಲ; ನೋಡಲು ಬಂದವರ ಉಡುಪಿನಿಂದ ಉದುರಿದ ನೂಲಿನ ಎಳೆ, ಮೈಯ ಹೊಟ್ಟು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದೇ ಧೂಳು ವಸ್ತುವಿಗೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಹಾಗೆಂದು ದಿನವೂ ಒರೆಸಿದರೆ, ಒರೆಸಿದಷ್ಟೂ ಚಿನ್ನದ ಮುಲಾಮು, ಬಣ್ಣ, ಮರದ ಹೊಳಪು ಸವೆಯುತ್ತವೆ. ಬಿಸಿಲು ಇನ್ನೊಬ್ಬ ಶತ್ರು. ಮಾಸಿದ ಬಣ್ಣ ಯಾವ ಔಷಧಕ್ಕೂ ಮರಳಿ ಬಾರದು. ರೇಷ್ಮೆ, ನೀರುಬಣ್ಣದ ಚಿತ್ರ, ಕಾಗದ ಇವಕ್ಕೆ 50 ಲಕ್ಸ್ ಬೆಳಕು ಸಾಕೆಂದು ಗೊತ್ತು ಮಾಡಿದ್ದಾರೆ. ಲಕ್ಸ್ ಎಂದರೆ ಒಂದು ಮೀಟರು ದೂರದ ಮೇಣದ ಬತ್ತಿಯೊಂದು ಕೊಡುವಷ್ಟು ಬೆಳಕು. ಹುಳುಗಳ ಕಾಟವಂತೂ ಅಲ್ಲಿಯೂ ಇದೆ: ಮರ ಕೊರೆಯುವುದು, ಉಣ್ಣೆ ತಿನ್ನುವುದು, ಕಾಗದ ಕೆರೆಯುವ ಬೆಳ್ಳಿಬಣ್ಣದ್ದು. ನಮ್ಮ ಗೆದ್ದಲಿನ ಮುಂದೆ ಅವೆಲ್ಲ ಸಾಧುಗಳೆಂದೇ ತೋರುತ್ತವೆ.

ಇವನ್ನೆಲ್ಲ ನಿಭಾಯಿಸುವ ಬಗೆಯನ್ನು ಹರ್ಮಿಯೋನಿ ಸ್ಯಾಂಡ್‌ವಿತ್, ಶೀಲಾ ಸ್ಟೇಂಟನ್ ಎಂಬಿಬ್ಬರು 1984ರಲ್ಲಿ ಟ್ರಸ್ಟಿಗಾಗಿ ಒಂದು ಕೈಪಿಡಿಯಾಗಿ ಬರೆದರು. ಹೊಸ ವಿಜ್ಞಾನದ ಜೊತೆಗೆ ಟ್ರಸ್ಟಿನವರು ಗೌರವದಿಂದ ನೆನೆಯುವುದು ಹಳೆಯ ಮನೆವಾರ್ತೆಯವರ ಜಾಣ್ಮೆಯನ್ನು. ಕೆಂಟ್ ಸೀಮೆಯ ಸುಸಾನಾ ವಾಟ್ಮನ್ ಎಂಬಾಕೆ 1776ರಿಂದ ತನ್ನ ಮನೆಯ ಆಳುಗಳಿಗಾಗಿ ಬರೆದಿಟ್ಟ ಸೂಚನೆಗಳನ್ನು ಅವರು ಅಚ್ಚು ಹಾಕಿಸಿದ್ದಾರೆ. ಆಕೆಯ ಗಂಡ ಜೇಮ್ಸ್ ವಾಟ್ಮನ್ ಕಾಗದ ಮಾಡಿಸುತ್ತಿದ್ದವನು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಹುಡುಗರು ಸೋಸಲು ಬಳಸುವ ವಾಟ್ಮನ್ ಕಾಗದದ ಹೆಸರು ಬಂದದ್ದು ಆ ಮನೆತನದಿಂದಲೇ. ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಬಿಸಿಲು ಬೀಳುತ್ತದೆ, ಆಗ ಯಾವ ಕಿಟಕಿಯ ಪರದೆ ಇಳಿಸಬೇಕು ಎಂಬುದನ್ನೆಲ್ಲ ಆ ತಾಯಿ ಬರೆದಿದ್ದಾಳೆ. ಪುಸ್ತಕಗಳ ವಿಷಯದಲ್ಲಿ ಅವಳ ಆಜ್ಞೆ ಇಷ್ಟೇ: ಕೆದಕಲು ಹೋಗಬೇಡಿ, ಬಾತುಕೋಳಿಯ ರೆಕ್ಕೆ ಎಷ್ಟು ದೂರ ಹೋಗುತ್ತದೋ ಅಷ್ಟು ಧೂಳು ತೆಗೆದರೆ ಸಾಕು. ರೆಕ್ಕೆಯ ಮಾತು ಓದಿದಾಗ ನಮ್ಮ ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛ ಕಣ್ಣ ಮುಂದೆ ಬಂತು. ಅದೂ ಮೃದುವಾಗಿರುವುದು ಮುಟ್ಟಿಸಿಕೊಂಡ ಜೀವಕ್ಕೆ ನೋವಾಗಬಾರದೆಂದೇ. ಶ್ರುತಪಂಚಮಿಯ ದಿನ ಜೈನರು ಗ್ರಂಥಗಳನ್ನು ಹೊರತೆಗೆದು ಶುಚಿ ಮಾಡಿ ಪೂಜಿಸುವ ಪದ್ಧತಿಯೂ, ಮೂಡುಬಿದಿರೆಯಲ್ಲಿ ಧವಲ ಗ್ರಂಥದ ಓಲೆಗಳು ಶತಮಾನಗಟ್ಟಲೆ ಉಳಿದುಬಂದದ್ದೂ ನಮ್ಮ ಓದುಗರಿಗೆ ತಿಳಿದದ್ದೇ. ಪಂಪ ರನ್ನರನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಓಲೆ ಓದುವುದನ್ನು ಕಲಿತೆ, ಓಲೆ ಒರೆಸುವುದನ್ನು ಕಲಿಯಲಿಲ್ಲ.

ಅಲ್ಲಿ ಸ್ವಯಂಸೇವಕರಾಗಿ ಬರುವವರಲ್ಲಿ ನಿವೃತ್ತರೇ ಹೆಚ್ಚು. ಬಂದ ಕೂಡಲೆ ಅವರ ಕೈಗೆ ಬಟ್ಟೆ ಕೊಡುವುದಿಲ್ಲ. ಮೊದಲು ಉಂಗುರ, ಕೈಗಡಿಯಾರ ತೆಗೆಯಬೇಕು. ಯಾವುದನ್ನಾದರೂ ಎತ್ತುವುದಾದರೆ ಎರಡು ಕೈಯಲ್ಲಿ. ಎತ್ತುವ ಮುಂಚೆ ಎಲ್ಲಿ ಇಡುವುದೆಂದು ಗೊತ್ತಿರಬೇಕು. ಪುಸ್ತಕವನ್ನು ಬೆನ್ನಿನ ನೆತ್ತಿಗೆ ಬೆರಳು ಸಿಕ್ಕಿಸಿ ಎಳೆಯಬಾರದು. ಅಕ್ಕಪಕ್ಕದವನ್ನು ಒಳಕ್ಕೆ ತಳ್ಳಿ, ನಡುವಿನದನ್ನು ಎರಡೂ ಬದಿ ಹಿಡಿದು ತೆಗೆಯಬೇಕು. ಆಮೇಲೆ ಅದನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಕುದುರೆಮರಿಯ ಕೂದಲಿನ ಒಣ ಕುಂಚದಿಂದ ಬೆನ್ನಿನ ಕಡೆಯಿಂದ ಆಚೆಗೆ ಧೂಳು ತೆಗೆಯಬೇಕು. ಬೂಷ್ಟು ಕಂಡರೆ ಮುಟ್ಟದೆ ಬೇರೆ ಇಟ್ಟು, ಬಲ್ಲವರಿಗೆ ತಿಳಿಸಬೇಕು. (ಈ ವಾಕ್ಯವನ್ನು ನಾನು ಎರಡು ಸಲ ಓದಿದೆನೆಂದು ಬೇರೆ ಹೇಳಬೇಕಾಗಿಲ್ಲ.) 1973ರಿಂದ ಕಲಾಸಂಘಗಳ ಸದಸ್ಯರು ಇಂಥ ಮನೆಗಳಲ್ಲಿ ತಂಡ ತಂಡವಾಗಿ ಕುಳಿತು, ಗ್ರಂಥಭಂಡಾರಗಳ ಪುಸ್ತಕಗಳನ್ನು ಒಂದೊಂದಾಗಿ ಇದೇ ರೀತಿ ಶುಚಿ ಮಾಡುತ್ತ ಬಂದಿದ್ದಾರೆ. ದೊಡ್ಡ ಭಂಡಾರವಾದರೆ ಕೊನೆಯ ಅರೆ ಮುಗಿಯುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಮುಗಿದ ಹೊತ್ತಿಗೆ ಮೊದಲನೆಯ ಅರೆಗೆ ಮತ್ತೆ ಧೂಳು. ಚಳಿಗಾಲ ಬಂದಾಗ ಕಿಟಕಿಗಳನ್ನು ಮುಚ್ಚಿ, ಕುರ್ಚಿ ಮೇಜುಗಳಿಗೆ ಹತ್ತಿಯ ಮುಸುಕು ಹಾಕಿ ಮನೆಯನ್ನು ಮಲಗಿಸುತ್ತಾರೆ.

1989ನೆಯ ಇಸವಿ ಆಗಸ್ಟ್ 30, ಬುಧವಾರ. ಅಪ್‌ಪಾರ್ಕಿನ ಮಾಡಿನ ಸೀಸದ ತಗಡುಗಳನ್ನು ದುರಸ್ತಿ ಮಾಡುತ್ತಿದ್ದರು. ಕೆಲಸ ಇನ್ನೇನು ಮುಗಿಯುವುದರಲ್ಲಿತ್ತು. ಮಧ್ಯಾಹ್ನ ಮನೆ ನೋಡಲು ಬಂದವರು ಕೆಳಗಿನ ಕೋಣೆಗಳಲ್ಲಿದ್ದರು. ಸೀಸ ಕಾಯಿಸುವ ಬೆಂಕಿ ಒಳಗಿನ ಮರಕ್ಕೆ ತಗಲಿತು. ಮುನ್ನೂರು ವರ್ಷ ಒಣಗಿದ ಮರ. ಗುಡ್ಡದ ಮೇಲಿನ ಗಾಳಿ. ಮೇಲಿನ ಅಂತಸ್ತುಗಳು ಉರಿಯತೊಡಗಿದಾಗ ಕೆಳಗೆ ಮನೆತನದವರು, ಟ್ರಸ್ಟಿನ ನೌಕರರು, ಸ್ವಯಂಸೇವಕರು, ಅಗ್ನಿಶಾಮಕ ದಳದವರು ಸಾಲಾಗಿ ನಿಂತು ಕೈಯಿಂದ ಕೈಗೆ ಸಾಮಾನು ಸಾಗಿಸಿದರು. ಚಿತ್ರಗಳನ್ನು ಗೋಡೆಯಿಂದ ಇಳಿಸಿದರು, ಪರದೆಗಳನ್ನು ಕಿತ್ತರು, ಕೈಗೆ ಬಂದಷ್ಟು ಗೋಡೆಕಾಗದವನ್ನೂ ಹರಿದು ತಂದರು. ಸರ್ ಮ್ಯಾಥ್ಯೂ ಇಟಲಿಯಿಂದ ತಂದ ಚಿತ್ರಗಳು, ಸಾರಾಳ ಗೊಂಬೆಮನೆ, ಕನ್ನಡಿ, ಮೇಜು, ಪಿಂಗಾಣಿ ಎಲ್ಲ ಸಂಜೆಯ ಹೊತ್ತಿಗೆ ಹುಲ್ಲಿನ ಮೇಲೆ ಹರಡಿಕೊಂಡಿದ್ದುವು. ಮಾಡು ಕುಸಿಯಿತು. ಮನೆತನದವರು ವಾಸವಿದ್ದ ಮೇಲಿನ ಅಂತಸ್ತುಗಳಲ್ಲಿ ಅವರ ಸ್ವಂತದ್ದು ಎನ್ನುವುದೆಲ್ಲ ಹೋಯಿತು. ಕೆಳಗಿನ ಕೋಣೆಗಳ ಸಂಗ್ರಹದ ಬಹುಪಾಲು ಉಳಿಯಿತು.

ಹೊಗೆ ತುಂಬಿದ ಕೋಣೆಯಲ್ಲಿ ಯಾವುದು ಎಲ್ಲಿದೆ, ಯಾವುದನ್ನು ಎಲ್ಲಿ ಹಿಡಿದರೆ ಮುರಿಯದು ಎಂದು ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ. ಅದು ಕೈಗೇ ತಿಳಿದಿರಬೇಕು. ವಾರವಾರವೂ ಅದೇ ಕನ್ನಡಿಯ ಚೌಕಟ್ಟಿಗೆ ಕುಂಚ ಆಡಿಸಿದವರ ಕೈಗೆ ತಿಳಿದಿದ್ದಂತೆ ಬೇರೆಯವರ ಕೈಗೆ ತಿಳಿದಿರಲಾರದು ಎಂದು ನಾನು ನಂಬಿದ್ದೇನೆ. ಎಲ್ಲ ಕಡೆಯೂ ಅದೃಷ್ಟ ಹಾಗೆ ಒಲಿಯುವುದಿಲ್ಲ, ನಿಜ. 2015ರ ಏಪ್ರಿಲಿನಲ್ಲಿ ಟ್ರಸ್ಟಿನದೇ ಆದ ಕ್ಲ್ಯಾಂಡನ್ ಪಾರ್ಕ್ ಎಂಬ ಮನೆಗೆ ಬೆಂಕಿ ಬಿದ್ದಾಗ ಅಲ್ಲಿಯೂ ಕೈ ಸೇರಿಸಿದವರಿದ್ದರು. ಆದರೂ ಸಂಗ್ರಹದ ಹೆಚ್ಚಿನ ಭಾಗ ಬೂದಿಯಾಯಿತು.

ಅಪ್‌ಪಾರ್ಕಿನ ಬೂದಿ ತಣಿದ ಮೇಲೆ ಒಂದು ವಾದ ಎದ್ದಿತು. ಸುಟ್ಟ ಗೋಡೆಗಳನ್ನು ಹಾಗೆಯೇ ಬಿಡಬೇಕು, ಮತ್ತೆ ಕಟ್ಟಿದರೆ ಅದು ನಕಲು ಎಂದು ಕೆಲವರು. ಉಳಿದಿರುವ ಸಾಮಾನೆಲ್ಲ ಈ ಕೋಣೆಗಳಿಗಾಗಿಯೇ ಬಂದದ್ದು, ಅವಕ್ಕೆ ಮನೆ ಬೇಕು ಎಂದು ಕೆಲವರು. ನನಗೆ ಎರಡನೆಯವರ ಮಾತು ಸರಿ ಎನ್ನಿಸುತ್ತದೆ. ಮೊದಲನೆಯವರದು ಪಾಳುಗುಡಿಯನ್ನು ಚಿತ್ರದಲ್ಲಿ ನೋಡಿ ಮೆಚ್ಚುವವರ ರಸಿಕತೆ. ಕಟ್ಟುವುದೆಂದೇ ತೀರ್ಮಾನವಾಯಿತು, ವಿಮೆಯ ಹಣವೂ ಇತ್ತು. ಕೋಣೆಗಳ ನೆಲವನ್ನು ಉತ್ಖನನ ಮಾಡುವವರಂತೆ ಚೌಕ ಚೌಕವಾಗಿ ಗುರುತಿಸಿ, ಬೂದಿ ಕಸವನ್ನು ಸಾವಿರಾರು ತೊಟ್ಟಿಗಳಲ್ಲಿ ತುಂಬಿ, ಜರಡಿ ಹಿಡಿದು, ಕೆತ್ತಿದ ಮರದ ಚೂರು, ಗಾರೆಯ ಹೂವಿನ ಎಸಳು, ದೀಪದ ಗಾಜಿನ ಮಣಿ ಒಂದೊಂದನ್ನೂ ಆರಿಸಿದರು. ಮರೆತುಹೋಗುತ್ತಿದ್ದ ಗಾರೆಯ ಕೈಕೆಲಸ, ಮರದ ಕೆತ್ತನೆ ಇವನ್ನು ಕುಶಲಿಗಳು ಹೊಸದಾಗಿ ಕಲಿತುಕೊಂಡರು. ಗುರಿಯೇನೆಂದರೆ, ಮನೆ ಹೊಸದಾಗಿ ಕಾಣಬಾರದು, ಬೆಂಕಿಯ ಹಿಂದಿನ ದಿನ ಹೇಗಿತ್ತೋ ಹಾಗಿರಬೇಕು. ಹರಿದು ತಂದ ಹಳೆಯ ಗೋಡೆಕಾಗದವನ್ನು ಮತ್ತೆ ಅಂಟಿಸಿ, ಸಾಲದಿದ್ದ ಕಡೆ ಹೊಸ ಕಾಗದ ಅಚ್ಚು ಮಾಡಿಸಿ, ಅದರ ಬಣ್ಣವನ್ನು ಹಳೆಯದರಂತೆ ಮಾಸಿಸಿದರು. ಹಾಲುಮನೆಯ ಅಕ್ಕತಂಗಿಯರು ಕಾದುಕೊಂಡು ಬಂದದ್ದು ಆ ಮಾಸಿದ ಬಣ್ಣವನ್ನೇ ಅಲ್ಲವೆ! 1995ರಲ್ಲಿ ಬಾಗಿಲು ಮತ್ತೆ ತೆರೆಯಿತು.

ನಮ್ಮ ಊರಿನ ಮನೆಗೆ ನಾನು ಈಗಲೂ ಹೋಗುತ್ತೇನೆ. ಮೊದಲ ಆರು ತಿಂಗಳು ಪುಸ್ತಕ ಮುಟ್ಟಲಿಲ್ಲ, ಪಟ್ಟಿ ಮಾಡಿದೆವು. ಯಾವ ಬೀರು, ಯಾವ ಅರೆ, ಎಷ್ಟನೆಯ ಪುಸ್ತಕ, ಒಳಗೆ ಬರಹವಿದ್ದರೆ ಅದರ ನಕಲು. ಕುದುರೆಮರಿಯ ಕೂದಲು ನಮಗೆಲ್ಲಿ ಸಿಗಬೇಕು? ಚಿತ್ರ ಬರೆಯುವವರು ಬಳಸುವ ಮೆತ್ತನೆಯ ಅಗಲ ಕುಂಚವನ್ನು ಕೊಂಡು ತಂದೆವು. ನೀಲಿ ಕಲೆಯ ಪುಸ್ತಕಕ್ಕೆ ಪಟ್ಟಿಯಲ್ಲಿ 212ನೆಯ ಸಂಖ್ಯೆ. ಅದರ ಮುಂದೆ, “ಅರ್ಪಣೆಯ ಬರಹವಿತ್ತು, ಶುಚಿ ಮಾಡುವಾಗ ಅಳಿಯಿತು” ಎಂದು ತಾರೀಖಿನೊಡನೆ ಬರೆದು ರುಜು ಹಾಕಿದ್ದೇನೆ.

ಪಟ್ಟಿ ಮುಗಿಯಿತೆಂದುಕೊಂಡ ದಿನ ಅದನ್ನು ಮುದುಕಿಗೆ ಓದಿ ಹೇಳಿದೆ. ಓದು ಬಾರದಿದ್ದರೂ ಕಣ್ಣು ಮುಚ್ಚಿ ಮನೆಯನ್ನೆಲ್ಲ ಸುತ್ತಿ ಬಂದವರಂತೆ ಕೇಳಿದರು. ಕೊನೆಗೆ, “ಒರಗುಮಣೆ ಬರ್ಕೊಂಡಿಲ್ವಲ್ಲ ಮೇಷ್ಟ್ರೇ” ಎಂದರು. ಆರಾಮಕುರ್ಚಿಯ ಹಿಂದೆ ಗೋಡೆಗೆ ಚಾಚಿಟ್ಟಿದ್ದ ಹಲಗೆಯೊಂದಿತ್ತು. ಕುರ್ಚಿಯ ಮುರಿದ ಭಾಗವೆಂದು ನಾವು ಬಿಟ್ಟಿದ್ದೆವು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬರೆಯುತ್ತಿದ್ದರಂತೆ. ತಂದು ಬೆಳಕಿಗೆ ಹಿಡಿದರೆ, ಬಲಗಡೆಯ ಅಂಚಿನಲ್ಲಿ ಮುಂಗೈ ಒರಗಿ ಒರಗಿ ಸವೆದ ಗುರುತು ನುಣ್ಣಗೆ ಹೊಳೆಯುತ್ತಿತ್ತು. ವಿದ್ಯಾರ್ಥಿ ಕುಂಚ ಎತ್ತಿಕೊಂಡ. “ಅದಕ್ಕೇನೂ ಬೇಡ ಬಿಡಪ್ಪ” ಎಂದರು ಮುದುಕಿ. ಸಂಖ್ಯೆ ಮಾತ್ರ ಒಂದು ಚೀಟಿಯಲ್ಲಿ ಬರೆದು, ದಾರದಲ್ಲಿ ಕಟ್ಟಿ, ಇದ್ದಲ್ಲಿಯೇ ಇಟ್ಟೆವು.